2020ಕ್ಕೇ ‘ಕಾರ್ಬನ್ ನ್ಯೂಟ್ರಲ್’ ಆದ ಇನ್ಫೋಸಿಸ್‌ಗೆ 2040ರ ಗುರಿ ಯಾಕೆ? ಗೊತ್ತಿರೋರು ಬಿಡಿಸಿ ಹೇಳಿ

ಸಿಲ್ಕ್‌ಬೋರ್ಡ್_ಸಂನ್ಯಾಸಿ
ನಿನ್ನೆ ಹಳದಿ ಮಾರ್ಗದ ಮೆಟ್ರೋದಲ್ಲಿ ಎಲೆಕ್ಟ್ರಾನಿಕ್ ಸಿಟಿಯಿಂದ ಬರ್ತಿದ್ದೆ. ‘ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ’ ಅಂತ ನಿಲ್ದಾಣದ ಹೆಸರು ಕೂಗಿದಾಗ ಪಕ್ಕದಲ್ಲಿದ್ದ ಹುಡುಗ, “ಇವರು 2020ರಲ್ಲೇ ಕಾರ್ಬನ್ ನ್ಯೂಟ್ರಲ್ ಆಗಿದಾರೆ ಸಾರ್, ಪ್ಯಾರಿಸ್ ಒಪ್ಪಂದದ ಗಡುವಿಗಿಂತ 30 ವರ್ಷ ಮುಂಚೆ” ಅಂದ. ಮನೆಗೆ ಬಂದು ಕಂಪನಿಯ ವರದಿ ತೆಗೆದು ನೋಡಿದೆ, ಹಾಗೇ ಬರೆದಿದ್ದಾರೆ. ಆದರೆ ಅದೇ 2020ರಲ್ಲಿ ‘ಕ್ಲೈಮೇಟ್ ಪ್ಲೆಡ್ಜ್’ ಅನ್ನೋದಕ್ಕೆ ಸಹಿ ಹಾಕಿ 2040ರೊಳಗೆ ನೆಟ್ ಝೀರೋ ಆಗ್ತೀವಿ ಅಂತಲೂ ಹೇಳಿದ್ದಾರೆ.

ಆಗಲೇ ಮುಟ್ಟಿದ ಊರಿಗೆ ಮತ್ತೆ ಟಿಕೆಟ್ ಯಾಕೆ ತಗೊಂಡ್ರು? ನಾನು ಅಲ್ಲಿ ಕೆಲಸ ಮಾಡಿಲ್ಲ, ನನ್ನ ಹತ್ರ ಅವರ ಷೇರೂ ಇಲ್ಲ. ಹೊಗಳಿಕೆಯೂ ಬೇಡ, ಬೈಗುಳವೂ ಬೇಡ. ಲೆಕ್ಕ ಅರ್ಥ ಆಗಬೇಕು ಅಷ್ಟೆ.

ಆಡಿಟ್_ಅಮ್ಮ
ನ್ಯೂಟ್ರಲ್ ಬೇರೆ, ನೆಟ್ ಝೀರೋ ಬೇರೆ. ಎರಡನ್ನೂ ಒಂದೇ ಅಂದುಕೊಳ್ಳುವ ಹಾಗೆ ಜಾಹೀರಾತಿನವರು ಬರೀತಾರೆ, ಅದು ಅವರ ಹೊಟ್ಟೆಪಾಡು.

ನಿಮ್ಮ ಮನೆಯನ್ನೇ ತಗೊಳ್ಳಿ. ಅಡುಗೆಮನೆಯಲ್ಲಿ ನೀವೇ ಉರಿಸೋ ಗ್ಯಾಸ್ ಸ್ಕೋಪ್ 1. ಬೆಸ್ಕಾಂ ಕೊಡೋ ಕರೆಂಟಿನ ಹಿಂದಿರುವ ರಾಯಚೂರಿನ ಕಲ್ಲಿದ್ದಲು ಹೊಗೆ ಸ್ಕೋಪ್ 2. ಮನೆಗೆ ಬರೋ ಹಾಲಿನ ವ್ಯಾನು, ನೀವು ಹತ್ತೋ ಕ್ಯಾಬು, ಕೊಂಡ ಫ್ರಿಜ್ಜು ತಯಾರಾದಾಗಿನ ಹೊಗೆ, ಎಲ್ಲ ಸ್ಕೋಪ್ 3. ನ್ಯೂಟ್ರಲ್ ಅಂದರೆ ಆದಷ್ಟು ಕಡಿಮೆ ಮಾಡಿ, ಉಳಿದದ್ದಕ್ಕೆ ಸಮನಾಗಿ ಬೇರೆ ಯಾರದೋ ಮನೆಯ ಹೊಗೆ ತಪ್ಪಿಸಿ ಅದರ ಕ್ರೆಡಿಟ್ ನಿಮ್ಮ ಖಾತೆಗೆ ಹಾಕಿಕೊಳ್ಳೋದು. ನೆಟ್ ಝೀರೋದಲ್ಲಿ ಆ ಸಲೀಸು ಇಲ್ಲ. ನಿಮ್ಮ ಸ್ವಂತ ಹೊಗೆಯೇ ಬಹುಪಾಲು ಇಳಿಯಬೇಕು, ತೀರಾ ಇಳಿಸಲಾಗದ ಚೂರಿಗೆ ಮಾತ್ರ ಪರಿಹಾರ.

ಅಂದರೆ 2020ರಲ್ಲಿ ಅವರ ಸಾಲ ತೀರಿರಲಿಲ್ಲ. ಸಾಲದಷ್ಟೇ ಠೇವಣಿ ಇನ್ನೊಂದು ಬ್ಯಾಂಕಿನಲ್ಲಿ ತೋರಿಸಿದ್ದರು. ಅದು ಸುಳ್ಳಲ್ಲ, ಆದರೆ ಸಾಲ ಸಾಲವೇ. ಅದಕ್ಕೇ ಅದೇ ವರ್ಷ ಹೊರತಂದ, ಪರಿಸರ, ಸಮಾಜ, ಆಡಳಿತ ಮೂರರ ಗುರಿಪಟ್ಟಿಯಾದ ‘ಇಎಸ್‌ಜಿ ವಿಷನ್ 2030’ರಲ್ಲಿ ಸ್ಕೋಪ್ 1 ಮತ್ತು 2ನ್ನು ಶೇ. 75, ಸ್ಕೋಪ್ 3ನ್ನು ಶೇ. 30 ಇಳಿಸುವ ಗುರಿ ಬೇರೆಯಾಗಿ ಇಟ್ಟಿದ್ದಾರೆ.

ಸಿಲ್ಕ್‌ಬೋರ್ಡ್_ಸಂನ್ಯಾಸಿ
ಅಬ್ಬ, ಮೂರು ಪ್ಯಾರಾದಲ್ಲಿ ಮುಗಿಸಿಬಿಟ್ರಿ ಮೇಡಂ. ಹಾಗಾದ್ರೆ ನಿಜವಾಗಿ ಇಳಿದದ್ದು ಎಷ್ಟು, ಠೇವಣಿ ಎಷ್ಟು?

ಎಸಿ_ಮೇಸ್ತ್ರಿ
ಠೇವಣಿ ವಿಷಯ ಅಮ್ಮನೋರು ಹೇಳ್ತಾರೆ. ಇಳಿದದ್ದರ ಕಥೆ ನಾನು ಹೇಳ್ತೀನಿ. 22 ವರ್ಷದಿಂದ ಕಟ್ಟಡಗಳಿಗೆ ಏರ್ ಕಂಡೀಷನಿಂಗ್ ಮಾಡ್ಕೊಂಡು ಬಂದವನು ನಾನು. ಈ ಕಂಪನಿಯ ಎಲ್ಲ ವರದಿಗಳನ್ನೂ ಸುಟ್ಟುಹಾಕಿದರೂ ಇದೊಂದು ಉಳಿಯುತ್ತೆ.

2011. ಹೈದರಾಬಾದಿನ ಪೋಚಾರಂ ಕ್ಯಾಂಪಸ್. ಸುಮಾರು ಎರಡೂವರೆ ಲಕ್ಷ ಚದರಡಿಯ ಒಂದು ಆಫೀಸು. ಅದನ್ನು ಸರಿಯಾಗಿ ಎರಡು ಭಾಗ ಮಾಡಿದರು. ಒಂದೇ ಗೋಡೆ, ಒಂದೇ ಕಿಟಕಿ, ಹೆಚ್ಚುಕಮ್ಮಿ ಒಂದೇ ಸಂಖ್ಯೆಯ ಜನ. ಒಂದು ಭಾಗಕ್ಕೆ ನಾವೆಲ್ಲ ಹಾಕೋ ಡಕ್ಟ್ ಎಸಿ, ಅದೂ ಕಾಟಾಚಾರದ್ದಲ್ಲ, ಒಳ್ಳೆ ಡಿಸೈನಿನದು. ಇನ್ನೊಂದು ಭಾಗಕ್ಕೆ ಕಾಂಕ್ರೀಟ್ ಸ್ಲ್ಯಾಬಿನ ಒಳಗೇ ಪೈಪು ಹೂತು ತಣ್ಣೀರು ಹರಿಸಿದರು. ರೇಡಿಯೆಂಟ್ ಕೂಲಿಂಗ್ ಅಂತಾರೆ. ಬೇಸಿಗೆ ಮಧ್ಯಾಹ್ನ ಅಜ್ಜಿ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಅಂಗಿ ಬಿಚ್ಚಿ ಬಿದ್ದುಕೊಂಡಿದ್ದು ನೆನಪಿದ್ಯಾ? ಫ್ಯಾನ್ ಇಲ್ಲದಿದ್ರೂ ಮೈ ತಣ್ಣಗಾಗ್ತಿತ್ತು. ಅದೇ ತತ್ವ, ನೆಲದ ಬದಲು ಸೂರು.

ಲಾಭ ಎಲ್ಲಿಂದ ಬಂತು? ಗಾಳಿ ಶಾಖ ಹೊರೋದರಲ್ಲಿ ಬಡಕಲು, ನೀರು ಗಟ್ಟಿಗ. ಗಾಳಿ ತಳ್ಳೋಕೆ ದೊಡ್ಡ ದೊಡ್ಡ ಫ್ಯಾನ್ ಬೇಕು, ನೀರು ತಳ್ಳೋಕೆ ಸಣ್ಣ ಪಂಪ್ ಸಾಕು. ಮಾಮೂಲಿ ಎಸಿಗೆ ಚಿಲ್ಲರ್ ನೀರನ್ನು 7 ಡಿಗ್ರಿಗೆ ಇಳಿಸುತ್ತೆ, ಸ್ಲ್ಯಾಬಿಗೆ 14-15 ಡಿಗ್ರಿ ಸಾಕು, ಹಾಗಾಗಿ ಚಿಲ್ಲರಿಗೂ ಆಯಾಸ ಕಡಿಮೆ. ಎರಡು ವರ್ಷ ಮೀಟರ್ ಓದಿದ ಮೇಲೆ ರೇಡಿಯೆಂಟ್ ಭಾಗ ಶೇ. 34ರಷ್ಟು ಕಡಿಮೆ ಕರೆಂಟ್ ತಿಂದಿತ್ತು. ಕಟ್ಟೋ ಖರ್ಚು ಡಕ್ಟ್ ಎಸಿಗಿಂತ ಹೆಚ್ಚಾಗಲಿಲ್ಲ, ಕೂದಲೆಳೆಯಷ್ಟು ಕಡಿಮೆಯೇ ಆಯ್ತು. ಈ ಲೆಕ್ಕವನ್ನು 2014ರಲ್ಲಿ ಎಸಿ ಎಂಜಿನಿಯರುಗಳ ಸಂಘದ ಆಶ್ರೇ ಜರ್ನಲ್‌ನಲ್ಲಿ ಬಿಚ್ಚಿಟ್ಟರು. ನಮ್ಮ ಕಸುಬಿನಲ್ಲಿ ‘ನಂದು ಚೆನ್ನಾಗಿದೆ’ ಅನ್ನೋ ಬ್ರೋಷರ್ ಸಾವಿರ ಬರುತ್ತೆ. ಅಕ್ಕಪಕ್ಕ ಎರಡನ್ನೂ ಕಟ್ಟಿ ಮೀಟರ್ ಹಾಕಿ ತೋರಿಸಿದವರನ್ನು ನಾನು ಬೇರೆ ನೋಡಿಲ್ಲ.

ಕಷ್ಟ ಒಂದಿದೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಸ್ಲ್ಯಾಬ್ ಬೆವರುತ್ತೆ, ತಣ್ಣೀರು ಚೊಂಬಿನ ಹೊರಗಡೆ ಹನಿ ಕಟ್ಟುತ್ತಲ್ಲ, ಹಾಗೆ. ಅದಕ್ಕೆ ಒಳಗೆ ಬರೋ ಹೊಸ ಗಾಳಿಯನ್ನು ಮೊದಲೇ ಒಣಗಿಸಿ ಬಿಡಬೇಕು. ಮಂಗಳೂರಲ್ಲಿ ಇದಕ್ಕೆ ಇನ್ನೂ ಹೆಚ್ಚು ಶಿಸ್ತು ಬೇಕು. ಕಿಟಕಿ ತೆಗೆದಿಡೋ ಅಭ್ಯಾಸ ಇರೋರಿಗೆ ಆಗಲ್ಲ.

ಒಟ್ಟಾರೆ 2008ರಿಂದ ಹತ್ತು ಹನ್ನೊಂದು ವರ್ಷದಲ್ಲಿ ಅವರ ಜನ ಎರಡೂವರೆ ಪಟ್ಟು ಮೀರಿ ಬೆಳೆದರೂ ಕರೆಂಟ್ ಬಳಕೆ ಏರಿದ್ದು ಸುಮಾರು ಶೇ. 20 ಮಾತ್ರ. 2019ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಪ್ರಶಸ್ತಿ ಕೊಟ್ಟಾಗ ಎತ್ತಿ ಹೇಳಿದ್ದೂ ಇದನ್ನೇ. ನಾನು ಇದನ್ನೇ ಬೆಂಗಳೂರಿನ ಒಬ್ಬ ಬಿಲ್ಡರಿಗೆ ಹೇಳಿ ನೋಡಿದೆ. “ಹೊರಗಡೆ ಫುಲ್ ಗ್ಲಾಸ್ ಬೇಕು, ಇಲ್ಲಾಂದ್ರೆ ಬಾಡಿಗೆಗೆ ಯಾರೂ ಬರಲ್ಲ” ಅಂದ. ಗಾಜಿನ ಡಬ್ಬಿ ಕಟ್ಟಿ ಒಳಗೆ ಹಿಮಾಲಯ ತುಂಬೋದು.

ನಿವೃತ್ತ_ಕೆಇಬಿ
ಮೇಸ್ತ್ರಿ ಹೇಳಿದ್ದು ಒಪ್ಪಿದೆ. ಆದರೆ ಇನ್ನೊಂದು ಗುರಿಯ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. 2018ರೊಳಗೆ ನೂರಕ್ಕೆ ನೂರು ನವೀಕರಿಸಬಹುದಾದ ವಿದ್ಯುತ್ ಅಂದಿದ್ದರು. 2015ರಲ್ಲಿ, ಪೂರ್ತಿ ನವೀಕರಿಸಬಹುದಾದ ವಿದ್ಯುತ್ತೇ ಬಳಸ್ತೀವಿ ಅಂತ ಮಾತು ಕೊಟ್ಟ ಕಂಪನಿಗಳ ಆರ್‌ಇ100 ಕೂಟ ಸೇರಿದ ಮೊದಲ ಭಾರತೀಯ ಕಂಪನಿಯೂ ಅವರೇ. ಆ ಗುರಿ ಮುಟ್ಟಲಿಲ್ಲ. 2020ರಲ್ಲಿ ‘ನ್ಯೂಟ್ರಲ್’ ಅಂತ ಹೇಳಿಕೊಂಡಾಗಲೂ ಅರ್ಧದಷ್ಟು ಕೂಡ ಆಗಿರಲಿಲ್ಲ. 2023-24ಕ್ಕೆ ಮೂರರಲ್ಲಿ ಎರಡು ಪಾಲಿನ ಹತ್ತಿರ ಬಂದಿದೆ.

ಅವರನ್ನೇ ದೂರಿ ಪ್ರಯೋಜನ ಇಲ್ಲ. ಸಿರಾ ಹತ್ತಿರ 40 ಮೆಗಾವಾಟ್ ಸೋಲಾರ್ ಹಾಕಿಕೊಂಡರು. ಗುಣಿಸಿ ನೋಡಿ: ನಮ್ಮ ಕಡೆ ಸೋಲಾರ್ ವರ್ಷವಿಡೀ ಸರಾಸರಿ ಶೇ. 19ರಷ್ಟು ಕೊಡುತ್ತೆ ಅಂದ್ಕೊಂಡರೆ ವರ್ಷಕ್ಕೆ ಆರೂವರೆ ಕೋಟಿ ಯುನಿಟ್ ಚಿಲ್ಲರೆ. ಗ್ರಿಡ್ ಯುನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್, ಅಂದರೆ 45 ಸಾವಿರ ಟನ್ ಆಚೀಚೆ. ಇದು ಯಾರ ಅಡುಗೆಮನೆಯ ಕ್ರೆಡಿಟ್ಟೂ ಅಲ್ಲ, ಮೀಟರಿನಲ್ಲಿ ಕಾಣೋದು.

ಸಿರಾದ ಕರೆಂಟು ಎಲೆಕ್ಟ್ರಾನಿಕ್ ಸಿಟಿಗೆ ಬರಬೇಕಾದರೆ ನಮ್ಮ ತಂತಿ ಮೇಲೇ ಬರಬೇಕು. ಅದಕ್ಕೆ ವೀಲಿಂಗ್ ಚಾರ್ಜು. ಹಗಲು ಬಂದದ್ದನ್ನು ರಾತ್ರಿ ಬಳಸೋಕೆ ಬ್ಯಾಂಕಿಂಗ್. ಸ್ವಂತ ಘಟಕ ಅಲ್ಲದೆ ಬೇರೆಯವರಿಂದ ಕೊಂಡರೆ ಮೇಲೆ ಕ್ರಾಸ್ ಸಬ್ಸಿಡಿ ಸರ್ಚಾರ್ಜು, ಅಂದರೆ ಕಡಿಮೆ ದರದವರ ಹೊರೆಗೆ ದೊಡ್ಡ ಗ್ರಾಹಕರು ಕೊಡೋ ಪಾಲು. ಕರ್ನಾಟಕದಲ್ಲಿ 2014ರ ಆದೇಶದಲ್ಲಿ, 2018ರ ಮಾರ್ಚ್ ಒಳಗೆ ಶುರುವಾದ ಸೋಲಾರ್ ಘಟಕಗಳಿಗೆ ಹತ್ತು ವರ್ಷ ಇದನ್ನೆಲ್ಲ ಮಾಫಿ ಮಾಡಿದ್ದರು, ಅದಕ್ಕೇ ಎಲ್ಲರೂ ಮುಗಿಬಿದ್ದರು. ಎಲ್ಲ ರಾಜ್ಯಗಳಲ್ಲೂ ರಿಯಾಯಿತಿ ಒಂದೇ ಥರ ಇರಲಿಲ್ಲ, ಅವರ ಕ್ಯಾಂಪಸ್ಸು ದೇಶದ ತುಂಬ ಇದೆ.

ಇನ್ನೊಂದು ಮಗ್ಗುಲೂ ಕೇಳಿ. ದೊಡ್ಡ ಗ್ರಾಹಕರು ಹೀಗೆ ಎಸ್ಕಾಂ ಬಿಟ್ಟು ಹೋದರೆ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ಕರೆಂಟಿನ ದುಡ್ಡು ಯಾರ ಬಿಲ್ಲಿನಿಂದ ಬರಬೇಕು? ಹೆಚ್ಚು ಯುನಿಟ್ ದರ ಕಟ್ಟುತ್ತಿದ್ದವರೇ ಅವರು. ನಮ್ಮ ಆಫೀಸಲ್ಲಿ ಇದನ್ನು ‘ಮದುವೆಗೆ ಬಂದ ಶ್ರೀಮಂತ ನೆಂಟ ಮುಯ್ಯಿ ಕೊಡದೆ ಊಟ ಮಾಡಿ ಹೋದ’ ಅಂತಿದ್ರು.

ಎಸಿ_ಮೇಸ್ತ್ರಿ
ಊಟ ಕೂಡ ಅವನೇ ಡಬ್ಬಿಯಲ್ಲಿ ತಂದಿದ್ದ, ನಿಮ್ಮ ಛತ್ರದಲ್ಲಿ ಕೂತು ತಿಂದ ಅಷ್ಟೆ ಅನ್ನಿ ಸಾರ್ 😄

ನಿವೃತ್ತ_ಕೆಇಬಿ
ಛತ್ರದ ಬಾಡಿಗೆಯೇ ಅಲ್ವೇನಪ್ಪ ಜಗಳ ಇರೋದು.

ಬಯಲುಸೀಮೆ_ಹುಡುಗ
ತುಮಕೂರು ಜಿಲ್ಲೆ ಹೆಸರು ಬಂತಲ್ಲ, ನಂದೂ ಎರಡು ಮಾತು. ಸಿರಾ ಘಟಕದ ಮೇಲೆ ನನ್ನ ದೂರು ಏನೂ ಇಲ್ಲ. ಪಕ್ಕದ ಪಾವಗಡದ್ದು ಹೇಳ್ತೀನಿ, ಅದು ಯಾವ ಐಟಿ ಕಂಪನಿದೂ ಅಲ್ಲ, ಸರ್ಕಾರದ ಸೋಲಾರ್ ಪಾರ್ಕು. ಐದು ಹಳ್ಳಿಯ ಸುಮಾರು 13 ಸಾವಿರ ಎಕರೆ, 2050 ಮೆಗಾವಾಟ್. ಜಮೀನು ಕೊಂಡಿಲ್ಲ, ಗುತ್ತಿಗೆ. ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಜಾಸ್ತಿ. ಮಳೆ ನಂಬ್ಕಂಡು ಶೇಂಗಾ ಬಿತ್ತಿ ಕೈ ಸುಟ್ಕೊಂಡಿದ್ದ ರೈತನಿಗೆ ಇದು ದೇವರು ಕೊಟ್ಟ ಪಿಂಚಣಿ.

ಆದ್ರೆ ಆ ಹೊಲದಲ್ಲಿ ಕೂಲಿ ಮಾಡ್ತಿದ್ದವನಿಗೆ ಯಾವ ಗುತ್ತಿಗೆ? ಕುರಿ ಮೇಯಿಸ್ತಿದ್ದವನಿಗೆ? ಹತ್ತು ಎಕರೆ ಇದ್ದವನಿಗೆ ವರ್ಷಕ್ಕೆ ಎರಡು ಲಕ್ಷದ ಮೇಲೆ, ಏನೂ ಇಲ್ದವನಿಗೆ ಪ್ಯಾನಲ್ ತೊಳೆಯೋ ಕೆಲಸ, ಅದೂ ಸಿಕ್ಕಿದವರಿಗೆ ಮಾತ್ರ. ನಮ್ಮ ಮಾವನ ಕಡೆಯವರು ಅರ್ಧ ಜನ ಈಗ ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಇದಾರೆ. ‘ಪರಿಸರ’ ಒಂದು ಕಾಲಂ, ‘ಸಾಮಾಜಿಕ’ ಇನ್ನೊಂದು ಕಾಲಂ ಅಂತ ವರದಿಯಲ್ಲಿ ಬರೀತಾರಲ್ಲ, ಊರಲ್ಲಿ ಅವೆರಡಕ್ಕೂ ಒಂದೇ ಬೇಲಿ.

ರಾಗಿಮುದ್ದೆ_ರಾಣಿ
ಆಡಿಟ್ ಅಕ್ಕ, ಆ ‘ಬೇರೆ ಯಾರದೋ ಮನೆಯ ಹೊಗೆ’ ಅಂದ್ರಲ್ಲ, ಅದು ನಮ್ಮ ಕಡೆದೇ ಇರಬಹುದು ಅನ್ನಿಸ್ತು. ನಮ್ಮದು ರಾಮನಗರ ಜಿಲ್ಲೆ, 2025ರಿಂದ ಬೆಂಗಳೂರು ದಕ್ಷಿಣ ಜಿಲ್ಲೆ ಅಂತ ಹೆಸರು. ಇಲ್ಲಿ ಕಾರ್ಬನ್ ಕ್ರೆಡಿಟ್ ದುಡ್ಡಲ್ಲಿ ಸಾವಿರಾರು ಮನೆಗೆ ಗೋಬರ್ ಗ್ಯಾಸ್ ಕಟ್ಟಿಸಿದಾರೆ, ಇನ್ಫೋಸಿಸ್‌ದೂ ಇದೆ. ನಮ್ಮ ಸೋದರತ್ತೆ ಮನೇಲಿ ಒಂದಿದೆ, ಅದು ಯಾರ ಲೆಕ್ಕದ್ದೋ ಗೊತ್ತಿಲ್ಲ.

ಒಳ್ಳೇದು ಮೊದಲು ಹೇಳ್ತೀನಿ. ಸೌದೆ ಒಲೆ ಇದ್ದಾಗ ಅತ್ತೆ ಕಣ್ಣು ಯಾವಾಗಲೂ ಕೆಂಪು. ಈಗ ಬೆಳಗ್ಗೆ ಎರಡು ಮೂರು ಬುಟ್ಟಿ ಸಗಣಿ, ಅಷ್ಟೇ ನೀರು, ಕಲಸಿ ಬಿಟ್ರೆ ಮುದ್ದೆ ಸಾರು ಎರಡು ಹೊತ್ತಿಗೆ ಆಗುತ್ತೆ. ಆಚೆ ಬರೋ ಬಗ್ಗಡ ಹಿಪ್ಪುನೇರಳೆ ಗಿಡಕ್ಕೆ ಹಾಕ್ತಾರೆ, ಸೊಪ್ಪು ಕರ್ರಗೆ ಬರುತ್ತೆ, ರೇಷ್ಮೆ ಹುಳ ಚೆನ್ನಾಗಿ ತಿನ್ನುತ್ತೆ. ಅತ್ತೆಗೆ ಗ್ಯಾಸಿಗಿಂತ ಬಗ್ಗಡವೇ ಹೆಚ್ಚು.

ಕೆಟ್ಟದ್ದು: ಹೋದ ವರ್ಷ ಅತ್ತೆ ಒಂದು ಹಸು ಮಾರಿದ್ರು, ಗ್ಯಾಸ್ ಅರ್ಧಕ್ಕೆ ಇಳೀತು. ಪಕ್ಕದಲ್ಲೇ ಸಿಲಿಂಡರ್ ಇದೆ, ಅದನ್ನೂ ಹಚ್ತಾರೆ. ಚಳಿಗಾಲದಲ್ಲಿ ನೀರು ಕಾಯಿಸೋಕೆ ಹಂಡೆ ಒಲೆಗೆ ಈಗಲೂ ಸೌದೆಯೇ. ಇದನ್ನೆಲ್ಲ ಲೆಕ್ಕಕ್ಕೆ ತಗೋತಾರಾ?

ಆಡಿಟ್_ಅಮ್ಮ
ರಾಣಿ, ಇಡೀ ಚರ್ಚೆಯಲ್ಲಿ ಬಂದ ಒಳ್ಳೇ ಪ್ರಶ್ನೆ ಇದು.

ತಗೋಬೇಕು. ಮೂರು ವಿಷಯದ ಮೇಲೆ ಲೆಕ್ಕ ನಿಂತಿರುತ್ತೆ: ಈ ಗ್ಯಾಸ್ ಇಲ್ಲದಿದ್ದರೆ ಆ ಮನೆ ಏನು ಉರಿಸ್ತಿತ್ತು, ಈಗ ನಿಜಕ್ಕೂ ದಿನಾ ಬಳಸ್ತಾರಾ, ಹಳೇ ಒಲೆ ಪೂರ್ತಿ ನಿಂತಿದ್ಯಾ. ಮೊದಲನೆಯದೇ ಜಾರುವ ನೆಲ. 2016ರಲ್ಲಿ ಉಜ್ವಲಾ ಬಂದು ಹಳ್ಳಿ ಹಳ್ಳಿಗೆ ಸಿಲಿಂಡರ್ ಹೋದ ಮೇಲೆ ‘ಇಲ್ಲದಿದ್ದರೆ ಸೌದೆಯೇ ಉರಿಸ್ತಿದ್ದರು’ ಅಂತ ಎಷ್ಟು ವರ್ಷ ಬರೆಯೋದು?

2024ರ ಜನವರಿಯಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದ ಸಂಶೋಧಕರು ನೇಚರ್ ಸಸ್ಟೈನಬಿಲಿಟಿ ಪತ್ರಿಕೆಯಲ್ಲಿ, ಲೋಕದ ಬೇರೆಬೇರೆ ಕಡೆಯ ಸುಧಾರಿತ ಒಲೆ ಯೋಜನೆಗಳ ಕ್ರೆಡಿಟ್ಟುಗಳನ್ನು ಪರಿಶೀಲಿಸಿ, ತಾವು ನೋಡಿದ ಮಾದರಿಗಳಲ್ಲಿ ಸರಾಸರಿ ಒಂಬತ್ತು ಪಟ್ಟಿಗೂ ಹೆಚ್ಚು ಉಬ್ಬಿಸಿದ್ದಾರೆ ಅಂತ ತೋರಿಸಿದರು. ಇದನ್ನು ಹಿಡಿದು ‘ಇನ್ಫೋಸಿಸ್ ಲೆಕ್ಕವೂ ಒಂಬತ್ತು ಪಟ್ಟು ಸುಳ್ಳು’ ಅನ್ನೋ ಹಾಗಿಲ್ಲ. ಅದು ಸುಧಾರಿತ ಒಲೆ ಯೋಜನೆಗಳದ್ದು, ಗೋಬರ್ ಗ್ಯಾಸಿನದು ಬೇರೆ. ಸಗಣಿ ಹಾಗೇ ತಿಪ್ಪೆಯಲ್ಲಿ ಕೊಳೆತರೆ ಬರೋ ಮೀಥೇನ್ ಇಲ್ಲಿ ಉರಿದುಹೋಗುತ್ತೆ, ಅದೊಂದು ಹೆಚ್ಚಿನ ಲಾಭ. ಆದರೂ ಯಾವ ಕಂಪನಿಯೇ ಆಗಲಿ, ಸಿರಾದ ಯುನಿಟ್ಟನ್ನೂ ನಿಮ್ಮತ್ತೆಯ ಒಲೆಯ ಟನ್ನನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಸೊನ್ನೆ ತಂದಾಗ ನನಗೆ ಪೆನ್ನು ತಡೆಯುತ್ತೆ. ಒಂದು ಮೀಟರ್ ಓದಿದ್ದು, ಇನ್ನೊಂದು ಅಂದಾಜು.

ಆದರೆ ಒಂದು ಮೆಚ್ಚಬೇಕು. ಎಲ್ಲೋ ದೂರದ ಕಾಡಿನ ಅಗ್ಗದ ಕಾಗದದ ಕ್ರೆಡಿಟ್ ಕೊಂಡು ಕೈತೊಳೆದುಕೊಳ್ಳಬಹುದಿತ್ತು. ಲಕ್ಷಕ್ಕೂ ಹೆಚ್ಚು ಹಳ್ಳಿ ಮನೆಗಳಿಗೆ ಏನೋ ಒಂದು ವಸ್ತು ಹೋಗಿದೆ. ನಿಮ್ಮತ್ತೆಯ ಕಣ್ಣಿನ ಕೆಂಪು ಯಾವ ಸ್ಕೋಪಿಗೂ ಬರಲ್ಲ ನೋಡಿ.

ಧಾರವಾಡ_ಪೇಡೆ
ನೀವೆಲ್ಲಾ ಹೊಗಿ ಲೆಕ್ಕ ಹಾಕಾಕತ್ತೀರಿ, ನಾ ಮಂದಿ ಲೆಕ್ಕ ಕೇಳತೀನ್ರಿ. ವಿಷನ್ 2030ದಾಗ ಮಂದೀದೂ ಗುರಿ ಅದಾವು. ಕೆಲಸಗಾರರೊಳಗ ಹೆಣ್ಮಕ್ಕಳು ಶೇ. 45 ಆಗಬೇಕು. ಒಂದು ಕೋಟಿಗೂ ಹೆಚ್ಚು ಮಂದಿಗೆ 2025ರೊಳಗ ಡಿಜಿಟಲ್ ಕೌಶಲ. ಹೆಣ್ಮಕ್ಕಳ ಪ್ರಮಾಣ ವರ್ಷಾನುಗಟ್ಟಲೆ 39ರ ಹತ್ರಾನ ನಿಂತದ. ಮೂರು ಲಕ್ಷಕ್ಕೂ ಮಿಕ್ಕಿ ಮಂದಿ ಇರೋ ಕಂಪನ್ಯಾಗ ಆರು ಪಾಯಿಂಟ್ ಅಂದ್ರ ಇಪ್ಪತ್ತು ಸಾವಿರ ಹೆಣ್ಮಕ್ಕಳು. ಸೇರಿಸಿಕೊಳ್ಳೂದು ಸರಳ, ಎರಡನೇ ಕೂಸು ಆದಮ್ಯಾಲ ಉಳಿಸಿಕೊಳ್ಳೂದು ಕಠಿಣ.

ಮತ್ತ ಕೌಶಲದ್ದು: ಸ್ಪ್ರಿಂಗ್‌ಬೋರ್ಡ್ ಅಂತ ಅವರ ಪುಕ್ಕಟ ಕಲಿಕಾ ತಾಣ ಅದ. ನಮ್ಮ ಕಾಲೇಜಿನ್ಯಾಗ ಇಡೀ ಕ್ಲಾಸಿಗೇ ಅಕೌಂಟ್ ಮಾಡಿಸಿದ್ರು, ಹೆಚ್ಚಿನ ಹುಡುಗ್ರು ಪಾಸ್‌ವರ್ಡ್ ಮರೆತಾರ. ಹೆಸರು ಹಚ್ಚಿದವ ಕಲತವ ಆದಾನೇನ್ರಿ? ನನಗ ಅದ್ರಾಗಿನ ಪೈಥಾನ್ ಕೋರ್ಸ್ ಉಪಯೋಗ ಆತು, ಸುಳ್ಳ ಹೇಳಂಗಿಲ್ಲ.

ಇನ್ನ ಹುಬ್ಬಳ್ಳಿ ಮಾತು. ವಿಮಾನ ನಿಲ್ದಾಣದ ಹತ್ರ ಕ್ಯಾಂಪಸ್ ಕಟ್ಟಿ ಖಾಲಿ ಇಟ್ಟಿದ್ರು. ಮಂದಿ ಟ್ವಿಟರ್‌ನ್ಯಾಗ ಗದ್ದಲ ಹಾಕಿದ ಮ್ಯಾಲ 2022ರ ಆಗಸ್ಟ್‌ನಾಗ ಬಾಗಲ ತಗದ್ರು. ನಮ್ಮ ಹುಡುಗ್ರು ಬೆಂಗಳೂರಾಗ ಪಿಜಿ ಬಾಡಿಗಿ ಕಟ್ಟಿ, ದಿನಾ ಎರಡು ತಾಸು ಬಸ್ಸಿನ್ಯಾಗ ಕುಂತು, ಹಬ್ಬಕ್ಕ ರಾತ್ರಿ ಬಸ್ಸಿಗೆ ಎರಡು ಸಾವಿರ ಕೊಡೂದು ಯಾವ ಸ್ಕೋಪ್ ಅಕ್ಕಾರ?

ಆಡಿಟ್_ಅಮ್ಮ
ದಿನದ ಓಡಾಟ ಸ್ಕೋಪ್ 3. ಹಬ್ಬದ ಬಸ್ಸು ಯಾರ ಲೆಕ್ಕಕ್ಕೂ ಇಲ್ಲ ತಮ್ಮ, ನಿನ್ನ ಜೇಬಿನದು.

ಚಾಮುಂಡಿ_ಮೆಟ್ಟಿಲು
ಮೈಸೂರಿಂದ. ಮಂದಿ ಲೆಕ್ಕ ಅಂದ್ರಲ್ಲ. 2025ರ ಫೆಬ್ರವರಿಯಲ್ಲಿ ಇಲ್ಲಿನ ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ಟ್ರೈನಿಗಳನ್ನು ಕಳಿಸಿದ್ದು ಎಲ್ಲ ಪತ್ರಿಕೆಯಲ್ಲೂ ಬಂತು. ಮೂರು ಸಲ ಅವಕಾಶ ಕೊಟ್ಟರೂ ಪಾಸಾಗಲಿಲ್ಲ, ನಿಯಮ ಮೊದಲೇ ಹೇಳಿದ್ದೆವು ಅಂತ ಕಂಪನಿ. ಸಂಖ್ಯೆ ಇನ್ನೂ ಜಾಸ್ತಿ, ನಡೆಸಿಕೊಂಡ ರೀತಿ ಸರಿಯಿಲ್ಲ ಅಂತ ನೌಕರರ ಸಂಘಟನೆ. ಅವರಲ್ಲಿ ಕೆಲವರು ಆಫರ್ ಲೆಟರ್ ಹಿಡಿದು ಎರಡು ವರ್ಷ ಕಾದವರು. ನಿಯಮದ ತಪ್ಪು ಒಪ್ಪು ಬೇರೆ ಮಾತು. ಒಂದು ಕೋಟಿ ಜನಕ್ಕೆ ಕಲಿಸ್ತೀವಿ ಅನ್ನೋರು ತಮ್ಮದೇ ಹಾಸ್ಟೆಲಿನ ಮುನ್ನೂರು ಜನಕ್ಕೆ ಇನ್ನೊಂದು ದಾರಿ ಹುಡುಕಬಹುದಿತ್ತಲ್ಲ ಅನ್ನಿಸಿತು.

ಊರಿನ ದೃಷ್ಟಿಯಿಂದ ನೋಡಿದರೆ ಮೈಸೂರಿನ ಹೆಬ್ಬಾಳ ಕೆರೆಯನ್ನು ಅವರ ಫೌಂಡೇಶನ್ ಸರಿ ಮಾಡಿಸಿದ್ದು ನಿಜವಾದ ಉಪಕಾರ. ಈಗ ಬೆಳಗ್ಗೆ ವಾಕಿಂಗಿಗೆ ಹೋದರೆ ಹಕ್ಕಿ ಕಾಣುತ್ತೆ, ಮೊದಲು ಮೂಗು ಮುಚ್ಚಿಕೊಂಡು ಓಡ್ತಿದ್ವಿ. ಕ್ಯಾಂಪಸ್ ಹಸಿರಂತೂ ಎಷ್ಟು ಚೆನ್ನಾಗಿದೆ ಅಂದರೆ 2024ರ ಡಿಸೆಂಬರ್ 31ಕ್ಕೆ ಚಿರತೆಯೇ ಒಳಗೆ ಬಂತು. ಎಲ್ಲರಿಗೂ ಮನೆಯಿಂದ ಕೆಲಸ. ಜೀವವೈವಿಧ್ಯ ಕಾಲಂನಲ್ಲಿ ಅದನ್ನು ಬರೆದುಕೊಂಡರಾ ನೋಡಬೇಕು.

ಸಿಲ್ಕ್‌ಬೋರ್ಡ್_ಸಂನ್ಯಾಸಿ
😂 ಚಿರತೆಯಿಂದಾಗಿ ಆವತ್ತು ಸ್ಕೋಪ್ 3 ಇಳಿದಿರುತ್ತೆ.

ಇನ್ನೊಂದು ಕೇಳ್ತೀನಿ. ಬೇರೆ ದೊಡ್ಡ ಕಂಪನಿಗಳಿಗೆ ಹೋಲಿಸಿದರೆ ಇವರು ಹೇಗೆ?

ಆಡಿಟ್_ಅಮ್ಮ
ಹೋಲಿಸೋದು ಅಷ್ಟು ಸರಿಯಲ್ಲ. ಗೂಗಲ್ ಹೊಗೆ 2019ರಿಂದ 2023ಕ್ಕೆ ಶೇ. 48 ಏರಿತ್ತು. 2030ಕ್ಕೆ ಇಂಗಾಲ ಋಣಾತ್ಮಕ ಆಗ್ತೀವಿ ಅಂತ 2020ರಲ್ಲಿ ಹೇಳಿದ ಮೈಕ್ರೋಸಾಫ್ಟ್‌ದು 2023ರ ಹೊತ್ತಿಗೆ ಶೇ. 29 ಏರಿತ್ತು. ಕಾರಣ ಡೇಟಾ ಸೆಂಟರು: ಕಟ್ಟೋ ಸಿಮೆಂಟು, ಉಕ್ಕು, ಚಿಪ್ಪು. ಇನ್ಫೋಸಿಸ್ ಜನ ಕೂರಿಸಿ ಕೆಲಸ ಮಾಡಿಸೋ ಕಂಪನಿ. ಅದರ ಹೊಗೆ ಅಂದರೆ ಎಸಿ, ವಿಮಾನ, ಕ್ಯಾಬು, ಕೊಂಡ ಸಾಮಾನು.

ಆದರೆ ಇನ್ನು ಮುಂದೆ ಅವರೇ ಮಾರುವ ಎಐ ಕೆಲಸ ಓಡೋದು ಯಾರದೋ ಡೇಟಾ ಸೆಂಟರಿನಲ್ಲಿ. ಆ ಹೊಗೆ ಕ್ಲೌಡ್ ಕಂಪನಿಯ ಸ್ಕೋಪ್ 1-2ರಲ್ಲಿ ಕೂರುತ್ತೆ, ಗಿರಾಕಿಯ ಸ್ಕೋಪ್ 3ರಲ್ಲಿ ಒಂದು ಪಾಲು. ನಡುವೆ ಕೋಡ್ ಬರೆದವರ ಕೈ ಚೊಕ್ಕಟ. ನಾನು ಕಾಯ್ತಿರೋದು ಆ ಸಾಲು ವರದಿಯಲ್ಲಿ ಯಾವತ್ತು ಬರುತ್ತೆ ಅಂತ. ಷೇರುಪೇಟೆ ನಿಯಂತ್ರಕ ಸೆಬಿ 2022-23ರಿಂದ ಮೊದಲ ಸಾವಿರ ಲಿಸ್ಟೆಡ್ ಕಂಪನಿಗಳಿಗೆ ಪರಿಸರ-ಸಾಮಾಜಿಕ ಹೊಣೆಯ ಬಿಆರ್‌ಎಸ್‌ಆರ್ ವರದಿ ಕಡ್ಡಾಯ ಮಾಡಿದ ಮೇಲೆ ಸ್ಕೋಪ್ 1-2, ನೀರು, ಕಸ ಎಲ್ಲ ಒಂದೇ ನಮೂನೆಯಲ್ಲಿ ಸಿಗುತ್ತೆ. ಬಣ್ಣದ ಫೋಟೋ ಇರೋ ವರದಿ ಬಿಟ್ಟು ಅದನ್ನು ಓದಿ.

ಎಸಿ_ಮೇಸ್ತ್ರಿ
ಸಂನ್ಯಾಸಿಗಳೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮುಟ್ಟಿದ್ದು ಅರ್ಧ ಊರು. ಸ್ಲ್ಯಾಬಿನ ಪೈಪು, ಸಿರಾದ ಪ್ಯಾನಲ್ಲು ಮುಟ್ಟಿದ ಅರ್ಧ. 2040ರ ಟಿಕೆಟ್ ಉಳಿದರ್ಧಕ್ಕೆ. ‘30 ವರ್ಷ ಮುಂಚೆ’ ಅನ್ನೋದನ್ನ ಬೋರ್ಡಿಂದ ಇಳಿಸಿ ‘ಶೇ. 34’ ಅಂತ ದೊಡ್ಡದಾಗಿ ಬರೆದಿದ್ರೆ ನಾನು ನಮ್ಮ ಬಿಲ್ಡರಿಗೆ ಫೋಟೋ ತೆಗೆದು ಕಳಿಸ್ತಿದ್ದೆ.

ನಿವೃತ್ತ_ಕೆಇಬಿ
ರಾಣಿಯಮ್ಮ, ನಿಮ್ಮತ್ತೆಗೆ ತಮ್ಮ ಒಲೆ ಯಾವುದೋ ಕಂಪನಿಯ ಲೆಕ್ಕದಲ್ಲಿದೆ ಅಂತ ಗೊತ್ತಾ?

ರಾಗಿಮುದ್ದೆ_ರಾಣಿ
ಈಗ ಫೋನ್ ಮಾಡಿ ಕೇಳಿದೆ ಸಾರ್. ತೊಟ್ಟಿ ಪಕ್ಕ ಗೋಡೆ ಮೇಲೆ ಒಂದು ನಂಬರ್ ಬರೆದಿದಾರಂತೆ. ಆಗಾಗ ಒಬ್ಬ ಹುಡುಗ ಬಂದು, ಒಲೆ ಹಚ್ಚಿ ತೋರಿಸಮ್ಮ ಅಂತ ಹೇಳಿ, ಉರಿ ಫೋಟೋ ತೆಗೆದು, ಹಸು ಎಷ್ಟಿದೆ ಅಂತ ಬರ್ಕೊಂಡು ಹೋಗ್ತಾನಂತೆ. ಯಾಕೆ ಅಂತ ಇವರು ಕೇಳಿಲ್ಲ, ಅವನೂ ಹೇಳಿಲ್ಲ.

ನಾನು ಕಾರ್ಬನ್ ಕ್ರೆಡಿಟ್ ಅಂತೆಲ್ಲ ಬಿಡಿಸಿ ಹೇಳಿದೆ. ನಿಮ್ಮ ಹೊಗೆ ತಪ್ಪಿದ್ದು ಬೆಂಗಳೂರಿನವರ ಲೆಕ್ಕಕ್ಕೆ ಹೋಗುತ್ತೆ ಅತ್ತೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಮಾರಿದ ಹಸೀಗೆ ಬದಲು ಇನ್ನೊಂದು ಹಸ ಕೊಡಿಸ್ತಾರಾ ಕೇಳು” ಅಂದ್ರು.

ಯಾರನ್ನ ಕೇಳಬೇಕು ಹೇಳಿ.